ಗಡಿ ದಾಟಿದ ಗಾನ

ಹಬ್ಬಕ್ಕೂ ಹಾಡಿಗೂ ಬಿಡಿಸಲಾಗದ ನಂಟು. ಉಡುಗೆ ತೊಡುಗೆ, ದೀಪ ತೋರಣ, ಭಕ್ಷ್ಯ ಭೋಜ್ಯಗಳು ಹಬ್ಬದ ಮೈಯಾದರೆ ಹಾಡು ಅದರ ಉಸಿರು. ಯೂರೋಪು ಖಂಡದ ಕ್ರಿಸ್‌ಮಸ್ ಹಬ್ಬ ಈ ಮಾತಿಗೆ ಒಳ್ಳೆಯ ನಿದರ್ಶನ. ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ಆ ಖಂಡದ ಉತ್ತರ ಭಾಗದಲ್ಲಿ ಹಗಲೆಂಬುದು ಹೆಸರಿಗೆ ಮಾತ್ರ. ಫಿನ್ಲೆಂಡಿನ ತುರ್ಕು ನಗರದಲ್ಲಿ ಆಗ ಸೂರ್ಯನು ಆರು ಗಂಟೆಗಳ ಕಾಲವೂ ಆಕಾಶದಲ್ಲಿ ನಿಲ್ಲುವುದಿಲ್ಲ. ಹೊಲಗಳಲ್ಲಿ ಕೆಲಸ ನಿಂತಿರುತ್ತದೆ. ಮರಗಳು ಎಲೆಯುದುರಿಸಿ ಬರಿದಾಗಿರುತ್ತವೆ. ಜನರು ಬಾಗಿಲು ಮುಚ್ಚಿಕೊಂಡು ಮನೆಯೊಳಗೆ ಬೆಚ್ಚಗಿರಲು ಹವಣಿಸುತ್ತಾರೆ. ಇಂತಹ ಕತ್ತಲೆಯ ದಿನಗಳಲ್ಲಿ, ಯೇಸುಕ್ರಿಸ್ತನ ಜನನವನ್ನು ಕೊಂಡಾಡುವ ಹಾಡುಗಳು ಶತಮಾನಗಳಿಂದ ಅಲ್ಲಿನ ಜನರ ಮನಸ್ಸಿಗೆ ಬೆಳಕನ್ನು ತಂದುಕೊಟ್ಟಿವೆ.

ಈ ಹಾಡುಗಳು ಮೊದಲು ಕೇಳಿಬರುತ್ತಿದ್ದುದು ಇಗರ್ಜಿಗಳಲ್ಲಿ, ಬೀದಿಗಳಲ್ಲಿ, ಮನೆಯ ಬಾಗಿಲುಗಳಲ್ಲಿ. ಇಪ್ಪತ್ತನೆಯ ಶತಮಾನದ ಮೂರನೆಯ ದಶಕದಲ್ಲಿ ಬಾನುಲಿಯು ಯೂರೋಪಿನ ಮನೆಗಳನ್ನು ಪ್ರವೇಶಿಸಿತು. ಆಗ ಇಗರ್ಜಿಗೆ ನಡೆದು ಹೋಗಲಾರದ ವೃದ್ಧರಿಗೂ, ಆಸ್ಪತ್ರೆಯಲ್ಲಿ ಮಲಗಿದ ರೋಗಿಗಳಿಗೂ, ದೂರದ ದೀಪಸ್ತಂಭಗಳ ಕಾವಲುಗಾರರಿಗೂ, ನಡುಗಡಲಿನ ನಾವಿಕರಿಗೂ ಹಬ್ಬದ ಹಾಡು ತಾನೇ ಹುಡುಕಿಕೊಂಡು ಬಂದಿತು. ಅಷ್ಟೇ ಅಲ್ಲ, ಒಂದು ದೇಶದ ಹಾಡು ಇನ್ನೊಂದು ದೇಶದ ಮನೆಯಲ್ಲಿ, ಹಾಡುತ್ತಿರುವ ಆ ಗಳಿಗೆಯಲ್ಲಿಯೇ, ಕೇಳುವಂತಾಯಿತು. ಮನುಷ್ಯನ ಇತಿಹಾಸದಲ್ಲಿ ಇದು ಹೊಸ ಸಂಗತಿ.

ಇಂದು ಬಾನುಲಿಯನ್ನು ಹಳೆಯ ಕಾಲದ ವಸ್ತುವೆಂದು ಭಾವಿಸುವವರು ಹೆಚ್ಚುತ್ತಿದ್ದಾರೆ. ಕೈಯಲ್ಲಿರುವ ಮೊಬೈಲಿನಲ್ಲಿ ಯಾವ ಹಾಡನ್ನು ಬೇಕಾದರೂ ಯಾವ ಹೊತ್ತಿನಲ್ಲಾದರೂ ಕೇಳಬಹುದಾದಾಗ, ನಿಗದಿಯಾದ ಗಂಟೆಗೆ ಕಾದು ಕುಳಿತು, ಬೇರೆಯವರು ಆರಿಸಿದ ಸಂಗೀತವನ್ನು ಕೇಳುವುದೇಕೆ ಎಂದು ಅವರು ಪ್ರಶ್ನಿಸುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಅದಕ್ಕೆ ತಕ್ಕ ಉತ್ತರವೂ ಇದೆ. ನೆರೆಯವನ ಹಾಡನ್ನು ನೆರೆಯವನ ನುಡಿಯಲ್ಲಿಯೇ, ಅನೇಕರೊಡನೆ ಒಂದೇ ಹೊತ್ತಿನಲ್ಲಿ ಕೇಳುವ ಅಭ್ಯಾಸವು ಜನಾಂಗಗಳನ್ನು ಒಂದರ ಸಮೀಪಕ್ಕೆ ಒಂದನ್ನು ತರುತ್ತದೆ. ಆದುದರಿಂದ ಅದನ್ನು ಉಳಿಸಿಕೊಳ್ಳುವುದು ಅವಶ್ಯಕ. ಈ ಮಾತು ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ತಿಳಿಯಲು ಮೊದಲು ಆ ಹಾಡುಗಳ ಹುಟ್ಟನ್ನೂ, ಅನಂತರ ಬಾನುಲಿಯ ಕಾರ್ಯವನ್ನೂ ಪರಿಶೀಲಿಸಬೇಕು.

ಕ್ರಿಸ್‌ಮಸ್ ಹಾಡಿಗೆ ಇಂಗ್ಲಿಷಿನಲ್ಲಿ ಕ್ಯಾರಲ್ ಎಂದು ಹೆಸರು. ಈ ಶಬ್ದದ ಮೂಲವನ್ನು ಹುಡುಕಿದರೆ ಅದು ಪ್ರಾರ್ಥನೆಯತ್ತ ಹೋಗದೆ ಕುಣಿತದತ್ತ ಹೋಗುತ್ತದೆ. ಮಧ್ಯಯುಗದಲ್ಲಿ ಜನರು ಕೈಕೈ ಹಿಡಿದು ವೃತ್ತಾಕಾರವಾಗಿ ಕುಣಿಯುತ್ತ ಹಾಡುತ್ತಿದ್ದ ಹಾಡಿಗೆ ಆ ಹೆಸರಿದ್ದಿತು. ವಿದ್ವಾಂಸರ ಲ್ಯಾಟಿನ್ ಭಾಷೆಯನ್ನರಿಯದ ಸಾಮಾನ್ಯ ಜನರು ತಮ್ಮ ಆಡುನುಡಿಯಲ್ಲಿ, ತಮಗೆ ರೂಢಿಯಾಗಿದ್ದ ಧಾಟಿಗಳಲ್ಲಿ, ಕೊಟ್ಟಿಗೆಯಲ್ಲಿ ಹುಟ್ಟಿದ ಮಗುವಿನ ಕಥೆಯನ್ನು ಹಾಡಿಕೊಂಡರು. ಹೀಗಾಗಿ ಈ ಹಾಡುಗಳಲ್ಲಿ ತಾಯಿಯ ಜೋಗುಳವಿದೆ, ಕುರಿಗಾಹಿಯ ಕೊಳಲಿದೆ, ಹಳ್ಳಿಯ ಕುಣಿತದ ಹೆಜ್ಜೆಯಿದೆ. ದೊಡ್ಡ ಸಂಗೀತಗಾರರೂ ಈ ಸಂಪತ್ತನ್ನು ಕಡೆಗಣಿಸಲಿಲ್ಲ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಶಾರ್ಪಾಂತಿಯೆ ಎಂಬ ಸಂಗೀತಕಾರನು ಕ್ರಿಸ್‌ಮಸ್ ನಡುರಾತ್ರಿಯ ಪೂಜೆಗೆ ಸಂಗೀತ ರಚಿಸುವಾಗ ಜನರ ಬಾಯಲ್ಲಿದ್ದ ಹಾಡುಗಳ ಧಾಟಿಗಳನ್ನೇ ಅದರಲ್ಲಿ ಹೆಣೆದನು.

ಈ ಹಾಡುಗಳನ್ನು ರೂಪಿಸಿ ಉಳಿಸಿದವರಲ್ಲಿ ಶಾಲೆಯ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಎಷ್ಟೋ ಮಂದಿ ಇದ್ದರೆಂಬುದು ಗಮನಾರ್ಹವಾದುದು. 1734ರ ಡಿಸೆಂಬರ್ 25ರಿಂದ 1735ರ ಜನವರಿ 6ರವರೆಗೆ, ಹಬ್ಬದ ಆರು ದಿನಗಳಲ್ಲಿ ಆರು ಭಾಗಗಳಾಗಿ ಹಾಡಿಸಿದ 'ಕ್ರಿಸ್‌ಮಸ್ ಒರಟೋರಿಯೊ' ಎಂಬ ಮಹಾಕೃತಿಯನ್ನು ರಚಿಸಿದ ಯೋಹಾನ್ ಸೆಬಾಸ್ಟಿಯನ್ ಬಾಖ್, ಜರ್ಮನಿಯ ಲೈಪ್‌ಜಿಗ್ ನಗರದ ಸಂತ ಥಾಮಸನ ಶಾಲೆಯಲ್ಲಿ ಹುಡುಗರಿಗೆ ಸಂಗೀತ ಕಲಿಸುವ ಗುರುವಾಗಿದ್ದನು. ಝೆಕ್ ನಾಡಿನ ಯಾಕುಬ್ ಯಾನ್ ರಿಬಾ ಒಬ್ಬ ಗ್ರಾಮೀಣ ಉಪಾಧ್ಯಾಯ. ಆತ 1796ರಲ್ಲಿ ತನ್ನ ಜನರ ಝೆಕ್ ಭಾಷೆಯಲ್ಲಿಯೇ ರಚಿಸಿದ ಕ್ರಿಸ್‌ಮಸ್ ಪೂಜಾಸಂಗೀತದಲ್ಲಿ, ಎಳೆಯ ಕುರುಬನೊಬ್ಬನು ಆಕಾಶದಿಂದ ಬರುತ್ತಿರುವ ಅಪೂರ್ವ ನಾದವನ್ನು ಕೇಳಿ ಮಲಗಿದ್ದ ತನ್ನ ಯಜಮಾನನನ್ನು ಎಬ್ಬಿಸುತ್ತಾನೆ. ಬೆತ್ಲೆಹೇಮಿನ ಕಥೆ ಝೆಕ್ ಹಳ್ಳಿಯೊಂದರ ಕಥೆಯಾಗಿಬಿಡುತ್ತದೆ. ಇಂದಿಗೂ ಆ ನಾಡಿನವರಿಗೆ ಈ ಸಂಗೀತವಿಲ್ಲದ ಕ್ರಿಸ್‌ಮಸ್ಸನ್ನು ಊಹಿಸಿಕೊಳ್ಳುವುದೂ ಕಷ್ಟ.

ಲೋಕಪ್ರಸಿದ್ಧವಾದ 'ಸ್ಟಿಲ್ಲೆ ನಾಖ್ಟ್' ಎಂಬ ಹಾಡಿನ ಕಥೆಯೂ ಇಂತಹುದೇ. ಆಸ್ಟ್ರಿಯದ ಯೋಸೆಫ್ ಮೋರ್ ಎಂಬ ಬಡ ಪಾದ್ರಿ 1816ರಲ್ಲಿ ಇದರ ಪದಗಳನ್ನು ಬರೆದನು. ಎರಡು ವರ್ಷಗಳ ಅನಂತರ, 1818ರ ಡಿಸೆಂಬರ್ 24ರಂದು, ಫ್ರಾನ್ಸ್ ಕ್ಸಾವರ್ ಗ್ರೂಬರ್ ಎಂಬ ಹಳ್ಳಿಯ ಉಪಾಧ್ಯಾಯನು ಅದಕ್ಕೆ ರಾಗವನ್ನು ಕೂಡಿಸಿದನು. ಸಾಲ್ಸ್‌ಬರ್ಗಿನ ಸಮೀಪದ ಓಬರ್ನ್‌ಡಾರ್ಫ್ ಎಂಬ ಊರಿನ ಇಗರ್ಜಿಯಲ್ಲಿ ಅಂದು ಅವರಿಬ್ಬರೂ ಗಿಟಾರಿನ ಜೊತೆಯಲ್ಲಿ ಅದನ್ನು ಹಾಡಿದರು. ಹಾಡನ್ನು ಊರಿನಿಂದಾಚೆಗೆ ಒಯ್ದವನು ಆರ್ಗನ್ ವಾದ್ಯವನ್ನು ತಯಾರಿಸುವ ಒಬ್ಬ ಕುಶಲಕರ್ಮಿ. ಅದನ್ನು ದೇಶದೇಶಗಳಿಗೆ ಹರಡಿದವರು ಟಿರೋಲ್ ಪರ್ವತಪ್ರಾಂತದ ಹಾಡುಗಾರ ಕುಟುಂಬಗಳು. ಆಸ್ಥಾನದ ಆಶ್ರಯವಾಗಲಿ ಪ್ರಚಾರದ ಬೆಂಬಲವಾಗಲಿ ಇಲ್ಲದೆ, ಬಾಯಿಂದ ಬಾಯಿಗೆ ಸಾಗಿದ ಈ ಹಾಡು ಇಂದು ನೂರಾರು ಭಾಷೆಗಳಲ್ಲಿ ನೆಲೆಗೊಂಡಿದೆ.

ಹಾಡುಗಳಿಗೆ ಗಡಿಯ ಹಂಗಿಲ್ಲವೆಂಬುದಕ್ಕೆ ಇನ್ನೂ ಸೊಗಸಾದ ಉದಾಹರಣೆ 1582ರಲ್ಲಿ ಅಚ್ಚಾದ 'ಪಿಯೆ ಕಾಂಟಿಯೋನೆಸ್' ಎಂಬ ಲ್ಯಾಟಿನ್ ಗೀತೆಗಳ ಸಂಗ್ರಹ. ಫಿನ್ಲೆಂಡಿನ ತುರ್ಕು ನಗರದ ಇಗರ್ಜಿಯ ಶಾಲೆಯಲ್ಲಿ ಹುಡುಗರು ಹಾಡುತ್ತಿದ್ದ ಹಾಡುಗಳು ಅದರಲ್ಲಿದ್ದವು. ಪುಸ್ತಕ ಅಚ್ಚಾದುದು ಜರ್ಮನಿಯ ಗ್ರೈಫ್ಸ್‌ವಾಲ್ಡ್ ಎಂಬ ಊರಿನಲ್ಲಿ. ಸುಮಾರು ಇನ್ನೂರೆಪ್ಪತ್ತು ವರ್ಷಗಳ ಅನಂತರ ಅದರ ಒಂದು ಪ್ರತಿ ಇಂಗ್ಲೆಂಡನ್ನು ತಲುಪಿ ಜಾನ್ ಮೇಸನ್ ನೀಲ್ ಎಂಬ ಪಾದ್ರಿಯ ಕೈಸೇರಿತು. ಅದರಲ್ಲಿದ್ದ, ವಸಂತಕಾಲವನ್ನು ವರ್ಣಿಸುವ ಒಂದು ಹಾಡಿನ ಧಾಟಿ ಆತನಿಗೆ ಹಿಡಿಸಿತು. ಚಳಿಯಲ್ಲಿ ಸೌದೆ ಆರಿಸುತ್ತಿದ್ದ ಬಡವನೊಬ್ಬನಿಗೆ ಅನ್ನವನ್ನೂ ಉರುವಲನ್ನೂ ತಾನೇ ಕೊಂಡೊಯ್ದ ಬೊಹೀಮಿಯದ ದೊರೆ ವೆನ್ಸೆಸ್ಲಾಸನ ಕಥೆಯನ್ನು ಆತನು 1853ರಲ್ಲಿ ಆ ಧಾಟಿಗೆ ಅಳವಡಿಸಿದನು. ನಾಯಕನು ಝೆಕ್ ನಾಡಿನವನು, ಧಾಟಿ ಫಿನ್ಲೆಂಡಿನ ಶಾಲೆಯದು, ಮುದ್ರಣ ಜರ್ಮನಿಯದು, ಪದಗಳು ಇಂಗ್ಲೆಂಡಿನವು! ಇಂತಹ ಹಾಡನ್ನು ಯಾವ ದೇಶ ತನ್ನದೊಂದರದೇ ಎಂದು ಹೇಳಿಕೊಳ್ಳಬಲ್ಲುದು? ಸ್ವೀಡನ್ನಿನಲ್ಲಿ ಡಿಸೆಂಬರ್ 13ರಂದು ತಲೆಯ ಮೇಲೆ ಮೇಣದ ಬತ್ತಿಗಳ ಕಿರೀಟವನ್ನು ಧರಿಸಿದ ಹುಡುಗಿಯರು ಹಾಡುವ ಲೂಸಿಯಾ ಹಬ್ಬದ ಹಾಡಿನ ಧಾಟಿಯೂ, ಇಟಲಿಯ ನೇಪಲ್ಸ್ ನಗರದ ಕಡಲತೀರದಿಂದ ಬಂದ ದೋಣಿಯ ಹಾಡಿನದೇ.

ಉಕ್ರೇನಿನ ಸಂಗೀತ ಶಿಕ್ಷಕ ಮೈಕೋಲ ಲಿಯೊಂಟೊವಿಚ್ ಹಳ್ಳಿಯ ಹಾಡೊಂದನ್ನು ವೃಂದಗಾನಕ್ಕೆ ಹೊಂದಿಸಿದ 'ಶ್ಚೆಡ್ರಿಕ್' ಎಂಬ ಕೃತಿಯನ್ನು 1916ರಲ್ಲಿ ಕೀವ್ ನಗರದಲ್ಲಿ ಹಾಡಲಾಯಿತು. ಒಂದು ಪುಟ್ಟ ಹಕ್ಕಿ ಮನೆಯಂಗಳಕ್ಕೆ ಬಂದು ಯಜಮಾನನಿಗೆ ಹೊಸ ವರ್ಷದ ಸಮೃದ್ಧಿಯನ್ನು ಸಾರುವುದೇ ಅದರ ವಸ್ತು. ಸ್ವತಂತ್ರ ರಾಷ್ಟ್ರವೆನಿಸಿಕೊಳ್ಳಲು ಹೋರಾಡುತ್ತಿದ್ದ ಉಕ್ರೇನು 1919ರಲ್ಲಿ ತನ್ನ ಗಾಯಕವೃಂದವೊಂದನ್ನು ಯೂರೋಪಿನ ಪ್ರವಾಸಕ್ಕೆ ಕಳುಹಿಸಿತು. ವೃಂದವು 1922ರಲ್ಲಿ ಅಮೆರಿಕವನ್ನು ತಲುಪಿತು. ಹಾಡು ಗೆದ್ದಿತು, ರಾಷ್ಟ್ರ ಸೋತಿತು. ಲಿಯೊಂಟೊವಿಚ್ 1921ರ ಜನವರಿಯಲ್ಲಿ ಸೋವಿಯತ್ ಗುಪ್ತ ಪೊಲೀಸ್ ಪಡೆಯವನೊಬ್ಬನ ಗುಂಡಿಗೆ ಬಲಿಯಾದನು. 1936ರಲ್ಲಿ ಆ ಧಾಟಿಗೆ ಅಮೆರಿಕದಲ್ಲಿ ಗಂಟೆಗಳ ನಾದವನ್ನು ಕುರಿತ ಇಂಗ್ಲಿಷ್ ಪದಗಳು ಸೇರಿದವು. ಇಂದು ಪ್ರಪಂಚದಾದ್ಯಂತ ಅಂಗಡಿಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ಅದನ್ನು ಕೇಳುವ ಎಷ್ಟೋ ಜನರಿಗೆ ಅದು ಉಕ್ರೇನಿನದೆಂಬ ಅರಿವೇ ಇಲ್ಲ. ಹಾಡಿನ ಜೊತೆಗೆ ಅದರ ಊರಿನ ಹೆಸರನ್ನೂ ಹೇಳುವವರು ಬೇಕು. ಬಾನುಲಿಯ ನಿವೇದಕನು ಮಾಡುವುದು ಈ ಕೆಲಸವನ್ನೇ.

ಈಗ ಬಾನುಲಿಯ ಕಾರ್ಯವನ್ನು ನೋಡಬಹುದು. ಮೊದಲನೆಯ ಮಹಾಯುದ್ಧ 1918ರ ನವೆಂಬರ್ 11ರಂದು ಮುಗಿಯಿತು. ಆರು ವಾರಗಳ ಅನಂತರ, ಡಿಸೆಂಬರ್ 24ರಂದು, ಇಂಗ್ಲೆಂಡಿನ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರದಲ್ಲಿ ಎರಿಕ್ ಮಿಲ್ನರ್-ವೈಟ್ ಎಂಬ ಧರ್ಮಾಧಿಕಾರಿಯು ಒಂಬತ್ತು ಪಾಠಗಳ ಹಾಗೂ ಹಾಡುಗಳ ಸೇವೆಯೊಂದನ್ನು ಏರ್ಪಡಿಸಿದನು. ಆತನು ಸೈನ್ಯದಲ್ಲಿ ಪಾದ್ರಿಯಾಗಿದ್ದು ಯುದ್ಧದ ಭೀಕರತೆಯನ್ನು ಕಣ್ಣಾರೆ ಕಂಡವನು. ಮಕ್ಕಳನ್ನು ಕಳೆದುಕೊಂಡು ಕಂಗೆಟ್ಟಿದ್ದ ಜನರಿಗೆ ಉಪದೇಶಕ್ಕಿಂತ ಹಾಡು ಹೆಚ್ಚಿನ ಸಾಂತ್ವನ ನೀಡೀತೆಂಬುದು ಆತನ ನಂಬಿಕೆಯಾಗಿದ್ದಿತು. 1928ರಲ್ಲಿ ಬಿ.ಬಿ.ಸಿ.ಯು ಈ ಸೇವೆಯನ್ನು ಮೊದಲ ಬಾರಿಗೆ ಪ್ರಸಾರ ಮಾಡಿತು. 1930ನ್ನು ಬಿಟ್ಟರೆ ಒಂದು ವರ್ಷವೂ ಅದು ತಪ್ಪಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾಂಬುಗಳ ಭೀತಿಯಿಂದ ಮಂದಿರದ ಪುರಾತನ ಬಣ್ಣದ ಗಾಜುಗಳನ್ನು ಕಳಚಿ ಬೇರೆಡೆ ಇರಿಸಿದ್ದರು. ಕೊರೆಯುವ ಚಳಿಯಲ್ಲಿಯೇ ಹುಡುಗರು ಹಾಡಿದರು. ಶತ್ರುವಿಗೆ ಸುಳಿವು ಸಿಕ್ಕಬಾರದೆಂದು ಸ್ಥಳದ ಹೆಸರನ್ನು ಬಾನುಲಿಯಲ್ಲಿ ಹೇಳುತ್ತಿರಲಿಲ್ಲ. ಆದರೆ ಹಾಡು ನಿಲ್ಲಲಿಲ್ಲ.

ಪ್ರತಿವರ್ಷವೂ ಆ ದಿನ ಮಧ್ಯಾಹ್ನ ಮೂರು ಗಂಟೆಗೆ ಒಬ್ಬ ಬಾಲಕನು, ಯಾವ ವಾದ್ಯದ ಆಸರೆಯೂ ಇಲ್ಲದೆ, ಏಕಾಂಗಿಯಾಗಿ ಮೊದಲ ಹಾಡನ್ನು ಎತ್ತಿಕೊಳ್ಳುತ್ತಾನೆ. ಹಲವು ಹುಡುಗರು ಅದಕ್ಕಾಗಿ ಅಭ್ಯಾಸ ಮಾಡಿ ಸಿದ್ಧರಾಗಿರುತ್ತಾರೆ. ಪ್ರಸಾರ ಆರಂಭವಾಗುವ ಗಳಿಗೆಯಲ್ಲಿಯೇ ಗುರುವು ಅವರಲ್ಲೊಬ್ಬನಿಗೆ ಸನ್ನೆ ಮಾಡುವುದು ಅಲ್ಲಿನ ರೂಢಿ. ಮೊದಲೇ ತಿಳಿದಿದ್ದರೆ ಎಳೆಯ ಮನಸ್ಸು ಅಳುಕೀತೆಂಬ ವಿವೇಕ ಅದರಲ್ಲಿದೆ. ಲಕ್ಷಾಂತರ ಜನರು ಉಸಿರು ಬಿಗಿಹಿಡಿದು ಆ ಒಂದು ಕಂಠಕ್ಕಾಗಿ ಕಾಯುತ್ತಾರೆ.

ಫಿನ್ಲೆಂಡಿನ ತುರ್ಕು ನಗರದಲ್ಲಿ ಇನ್ನೊಂದು ಸಂಪ್ರದಾಯವಿದೆ. ಡಿಸೆಂಬರ್ 24ರಂದು ಇಗರ್ಜಿಯ ಗಡಿಯಾರ ಹನ್ನೆರಡು ಹೊಡೆದೊಡನೆ, ಹಬ್ಬದ ಕಾಲದಲ್ಲಿ ಎಲ್ಲರೂ ಶಾಂತಿಯಿಂದಿರಬೇಕೆಂದು ಸಾರುವ ಘೋಷಣೆಯನ್ನು ಅಲ್ಲಿ ಓದುತ್ತಾರೆ. ಜನರು ಕೂಡಿ ಸ್ತೋತ್ರಗೀತೆಯನ್ನೂ ರಾಷ್ಟ್ರಗೀತೆಯನ್ನೂ ಹಾಡುತ್ತಾರೆ. ಮಧ್ಯಯುಗದಿಂದ ನಡೆದುಬಂದ ಈ ಪದ್ಧತಿಯನ್ನು 1935ರಿಂದ ಬಾನುಲಿಯು ನಾಡಿನ ಮೂಲೆಮೂಲೆಗೂ ಮುಟ್ಟಿಸಿತು. (ಅದೇ ವರ್ಷ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಬಾನುಲಿ ಕೇಂದ್ರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಪ್ರಚಾರಕ್ಕೆ ಬಂದುದು ಆ ಕೇಂದ್ರದಿಂದಲೇ.) 1939ರಲ್ಲಿ ಮಾತ್ರ, ಸೋವಿಯತ್ ಒಕ್ಕೂಟದೊಡನೆ ಯುದ್ಧ ನಡೆಯುತ್ತಿದ್ದಾಗ, ವಿಮಾನದಾಳಿಯ ಭಯದಿಂದ ತುರ್ಕುವಿನ ಶಾಂತಿಯ ಘೋಷಣೆಯನ್ನು ಓದಲಾಗಲಿಲ್ಲ. ಶಾಂತಿಯ ನುಡಿಯನ್ನು ಆಡುವುದಕ್ಕೂ ಶಾಂತಿ ಬೇಕೆಂಬ ಕಹಿಸತ್ಯವನ್ನು ಆ ವರ್ಷದ ಮೌನ ತಿಳಿಸುತ್ತದೆ.

ಜರ್ಮನಿಯ ಹ್ಯಾಂಬರ್ಗಿನ ಬಾನುಲಿಯು 1953ರಿಂದ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ನಾವಿಕರಿಗಾಗಿಯೇ ಒಂದು ಕಾರ್ಯಕ್ರಮವನ್ನು ನಡೆಸಿಕೊಂಡು ಬಂದಿದೆ. ದೂರದ ಸಮುದ್ರಗಳಲ್ಲಿ ಹಡಗಿನ ಮೇಲಿರುವ ತಂದೆಗೆ ಮಕ್ಕಳು, ಗಂಡನಿಗೆ ಹೆಂಡತಿ, ಮಗನಿಗೆ ತಾಯಿ ಹಬ್ಬದ ಶುಭಾಶಯವನ್ನು ಕಳುಹಿಸುತ್ತಾರೆ. ನಡುನಡುವೆ ಹಾಡು ಬರುತ್ತದೆ. ಇತ್ತೀಚಿನ ವರ್ಷಗಳಲ್ಲಿ, ಆ ಒಂದು ರಾತ್ರಿಗೆಂದೇ ಕಿರುತರಂಗದ ಪ್ರಸಾರವನ್ನು ಬಾಡಿಗೆಗೆ ಪಡೆದು, ಈ ದನಿಯನ್ನು ಮಹಾಸಾಗರಗಳಿಗೆ ಹರಿಸಿದ್ದಾರೆ. ಹಣದ ಲೆಕ್ಕದಲ್ಲಿ ಇದು ನಷ್ಟದ ವ್ಯಾಪಾರವೇ ಇರಬಹುದು. ಮನುಷ್ಯತ್ವದ ಲೆಕ್ಕವೇ ಬೇರೆ.

ಈ ಬಿಡಿ ಪ್ರಯತ್ನಗಳಿಗೆ ಕಳಶವಿಟ್ಟಂತಿರುವುದು ಯೂರೋಪಿನ ಪ್ರಸಾರ ಒಕ್ಕೂಟದ ಕೆಲಸ. ಎರಡನೆಯ ಮಹಾಯುದ್ಧ ಮುಗಿದು ಐದು ವರ್ಷಗಳಾಗುವುದರೊಳಗೆ, 1950ರಲ್ಲಿ, ಹಲವು ದೇಶಗಳ ಬಾನುಲಿ ಸಂಸ್ಥೆಗಳು ಸೇರಿ ಇದನ್ನು ಸ್ಥಾಪಿಸಿದವು. ಇದರ ಆಶ್ರಯದಲ್ಲಿ, ಕ್ರಿಸ್‌ಮಸ್ ಸಮೀಪಿಸಿದಾಗ ಒಂದು ಭಾನುವಾರವನ್ನು ಹಬ್ಬದ ಸಂಗೀತಕ್ಕೆ ಮೀಸಲಿಡುತ್ತಾರೆ. ಒಂದು ದೇಶದ ಇಗರ್ಜಿಯಿಂದ ಒಂದು ಕಛೇರಿ, ಅದು ಮುಗಿದೊಡನೆ ಮತ್ತೊಂದು ದೇಶದ ಸಭಾಂಗಣದಿಂದ ಮತ್ತೊಂದು ಕಛೇರಿ, ಹೀಗೆ ಗಂಟೆಗಂಟೆಗೂ ಸಂಗೀತವು ದೇಶದಿಂದ ದೇಶಕ್ಕೆ ಸಂಚರಿಸುತ್ತದೆ. ಹಾಡು ಎಲ್ಲರಿಗೂ ಒಂದೇ. ಅದನ್ನು ಪರಿಚಯಿಸುವ ನಿವೇದಕನು ಮಾತ್ರ ಆಯಾ ದೇಶದ ಭಾಷೆಯಲ್ಲಿ ಮಾತನಾಡುತ್ತಾನೆ. ಕೇಳುಗನು ಕುಳಿತ ಕುರ್ಚಿಯಿಂದ ಏಳದೆ ಒಂದು ದಿನದಲ್ಲಿ ಖಂಡವನ್ನೇ ಸುತ್ತಿಬರುತ್ತಾನೆ. ಉತ್ತರದ ಗಾಯಕವೃಂದಗಳ ತಿಳಿಯಾದ ಕಂಠ, ಪೋಲೆಂಡಿನ ಜೋಗುಳದ ಧಾಟಿ, ಸ್ಪೇನಿನ ಹಾಡಿನ ತಾಳದ ಬೆಡಗು ಒಂದರ ಪಕ್ಕದಲ್ಲಿ ಒಂದನ್ನು ಕೇಳಿದಾಗ ಪ್ರತಿಯೊಂದರ ವೈಶಿಷ್ಟ್ಯವೂ ಎದ್ದು ತೋರುತ್ತದೆ. ಒಂದೇ ಮಗುವಿನ ತೊಟ್ಟಿಲನ್ನು ಇಷ್ಟು ಬಗೆಯಲ್ಲಿ ತೂಗಬಹುದೇ ಎಂಬ ಬೆರಗು ಮೂಡುತ್ತದೆ. ಏಕತೆಯೆಂದರೆ ಏಕರೂಪತೆಯಲ್ಲ ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವುದು ಕಷ್ಟ.

ಆದರೆ ಬಾನುಲಿಯಿಂದ ಹಿತವೇ ಆಗುತ್ತದೆಂದು ಕಣ್ಣು ಮುಚ್ಚಿ ನಂಬಬಾರದು. 1914ರ ಕ್ರಿಸ್‌ಮಸ್ ವೇಳೆಯಲ್ಲಿ ಪಶ್ಚಿಮ ರಣರಂಗದ ಕೆಲವೆಡೆ ಜರ್ಮನ್ ಮತ್ತು ಬ್ರಿಟಿಷ್ ಸೈನಿಕರು ತಮ್ಮ ತಮ್ಮ ಕಂದಕಗಳಿಂದ ಹಬ್ಬದ ಹಾಡುಗಳನ್ನು ಹಾಡಿ, ಬಂದೂಕುಗಳನ್ನು ಕೆಳಗಿಟ್ಟು, ನಡುವಣ ಬಯಲಿನಲ್ಲಿ ಕೈಕುಲುಕಿದರು. ಅಲ್ಲಿ ಹಾಡು ಹಗೆತನವನ್ನು ಕ್ಷಣಕಾಲವಾದರೂ ಕರಗಿಸಿತು. ಇಪ್ಪತ್ತೆಂಟು ವರ್ಷಗಳ ಅನಂತರ, 1942ರ ಡಿಸೆಂಬರ್ 24ರಂದು, ನಾಜಿ ಸರ್ಕಾರದ ಬಾನುಲಿಯು ಯೂರೋಪಿನಾದ್ಯಂತ ಹರಡಿದ್ದ ತನ್ನ ಸೈನ್ಯದ ಠಾಣ್ಯಗಳನ್ನು ಒಂದೊಂದಾಗಿ ಕರೆದು, ಕೊನೆಯಲ್ಲಿ ಎಲ್ಲರಿಂದಲೂ 'ಸ್ಟಿಲ್ಲೆ ನಾಖ್ಟ್' ಹಾಡನ್ನು ಹಾಡಿಸಿತು. ಸ್ಟಾಲಿನ್‌ಗ್ರಾಡಿನಲ್ಲಿ ಸುತ್ತುವರಿಯಲ್ಪಟ್ಟು ಹಸಿವು ಚಳಿಗಳಿಂದ ಸಾಯುತ್ತಿದ್ದ ಸೈನಿಕರೂ ಹಾಡುತ್ತಿದ್ದಾರೆಂದು ಮನೆಯವರನ್ನು ನಂಬಿಸಲಾಯಿತು. ಅದರಲ್ಲಿ ಎಷ್ಟು ಭಾಗ ನಿಜವಾದ ನೇರಪ್ರಸಾರವೆಂಬ ಬಗೆಗೆ ಇತಿಹಾಸಕಾರರಿಗೆ ಸಂದೇಹವಿದೆ. ಅದೇ ಹಾಡು, ಅದೇ ಹಬ್ಬ. ಉದ್ದೇಶ ಮಾತ್ರ ಬೇರೆ. ಒಂದು ಕಡೆ ಹಾಡು ಎದುರಾಳಿಯನ್ನು ಮನುಷ್ಯನೆಂದು ತೋರಿಸಿತು; ಇನ್ನೊಂದು ಕಡೆ ಆಕ್ರಮಣವನ್ನು ಹಬ್ಬದ ಬಟ್ಟೆಯಲ್ಲಿ ಮುಚ್ಚಿಟ್ಟಿತು. ಬಾನುಲಿಯು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ತನ್ನ ದನಿಯನ್ನಷ್ಟೇ ಎಲ್ಲೆಡೆ ಮೊಳಗಿಸುವ ಬಾನುಲಿಗೂ, ಇತರರ ದನಿಗೆ ಕಿವಿಗೊಡಲು ಕಲಿಸುವ ಬಾನುಲಿಗೂ ಇರುವ ಅಂತರವನ್ನು ಈ ಎರಡನೆಯ ನಿದರ್ಶನವೇ ಎಚ್ಚರಿಸುತ್ತದೆ.

ಇನ್ನು ಕೆಲವರು ಎತ್ತುವ ಆಕ್ಷೇಪಗಳು. ಬಾನುಲಿಯು ಹಾಡುವ ಜನರನ್ನು ಬರಿಯ ಕೇಳುವ ಜನರನ್ನಾಗಿ ಮಾಡಿತೆಂಬುದು ಮೊದಲನೆಯದು. ಇದರಲ್ಲಿ ಸ್ವಲ್ಪ ಸತ್ಯವಿದೆ. ಹಿಂದೆ ಮನೆಮಂದಿಯೆಲ್ಲ ಕೂಡಿ ಹಾಡುತ್ತಿದ್ದ ಎಷ್ಟೋ ಕಡೆ ಇಂದು ಯಂತ್ರವೇ ಹಾಡುತ್ತಿದೆ. ಆದರೆ ಯಂತ್ರವು ಹಾಡನ್ನು ಕೊಲ್ಲಲೇಬೇಕೆಂಬ ನಿಯಮವಿಲ್ಲ. ಹಂಗೆರಿಯ ಬೇಲಾ ಬಾರ್ಟೋಕ್ ಧ್ವನಿಮುದ್ರಣ ಯಂತ್ರವನ್ನು ಹೊತ್ತು ಹಳ್ಳಿಹಳ್ಳಿ ಅಲೆದು ರುಮೇನಿಯದ ಕ್ರಿಸ್‌ಮಸ್ ಹಾಡುಗಳನ್ನು ಸಂಗ್ರಹಿಸಿದನು. 1915ರಲ್ಲಿ ಅವುಗಳನ್ನು ಪಿಯಾನೊ ವಾದ್ಯಕ್ಕೆ ಅಳವಡಿಸಿದನು. ಮನೆಮನೆಗೂ ಹೋಗಿ ಹಾಡುವ ರುಮೇನಿಯ ಮತ್ತು ಮೊಲ್ಡೋವ ದೇಶಗಳ ಗಂಡಸರ ತಂಡಗಳ ಪದ್ಧತಿಯನ್ನು 2013ರಲ್ಲಿ ಯುನೆಸ್ಕೊ ಸಂಸ್ಥೆಯು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳ್ಳೆಯ ಹಾಡನ್ನು ಕೇಳಿದ ಬಾಯಿ ಬಹುಕಾಲ ಸುಮ್ಮನಿರಲಾರದು. ಕೇಳುವುದು ಹಾಡುವುದಕ್ಕೆ ಮೊದಲ ಮೆಟ್ಟಿಲಾಗಬೇಕೇ ಹೊರತು ಕೊನೆಯ ಮೆಟ್ಟಿಲಾಗಬಾರದು.

ಇವು ಒಂದು ಮತದವರ ಹಾಡುಗಳು. ಉಳಿದವರಿಗೆ ಇದರಿಂದೇನು ಎಂಬುದು ಎರಡನೆಯ ಆಕ್ಷೇಪ. ಹಾಡು ಭಕ್ತಿಯಿಂದ ಹುಟ್ಟಿತೆಂಬುದು ನಿಜ. ಆ ಭಕ್ತಿಯನ್ನು ಗೌರವಿಸಬೇಕಾದುದೂ ನಿಜ. ಆದರೆ ಹುಟ್ಟಿದ ಮಗುವನ್ನು ಕಂಡ ಹರ್ಷಕ್ಕೆ, ಬಡವನ ಗುಡಿಸಲಿನ ಮೇಲಿನ ಅನುಕಂಪಕ್ಕೆ, ಶಾಂತಿಯ ಹಂಬಲಕ್ಕೆ ಮತದ ಬೇಲಿಯಿಲ್ಲ. ಹ್ಯಾಂಡೆಲನ 'ಮೆಸ್ಸಾಯ' ಎಂಬ ಕೃತಿಯನ್ನು ಇಂದು ಕ್ರಿಸ್‌ಮಸ್ ಕಾಲದಲ್ಲಿ ಎಲ್ಲೆಡೆ ಕೇಳುತ್ತಾರೆ. 1742ರ ಏಪ್ರಿಲ್ 13ರಂದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಅದನ್ನು ಮೊದಲ ಬಾರಿಗೆ ಹಾಡಿದಾಗ ಬಂದ ಹಣವು ಆಸ್ಪತ್ರೆಗಳಿಗೂ ಸಾಲ ತೀರಿಸಲಾಗದೆ ಸೆರೆಯಲ್ಲಿದ್ದವರಿಗೂ ಸಂದಿತು. 142 ಮಂದಿ ಬಿಡುಗಡೆ ಹೊಂದಿದರು. ಸೆರೆಮನೆಯ ಬಾಗಿಲನ್ನು ತೆರೆಸಿದ ಸಂಗೀತ ಯಾವ ಮತದವನಿಗೆ ಪರಕೀಯವಾದೀತು?

ಬೇಕೆಂದಾಗ ಬೇಕಾದ ಹಾಡು ಸಿಕ್ಕುವ ಈ ದಿನಗಳಲ್ಲಿ ಬಾನುಲಿಯೇಕೆ ಎಂಬ ಪ್ರಶ್ನೆ ಕೊನೆಯದು. ತನಗೆ ಬೇಕಾದುದನ್ನೇ ಆರಿಸಿಕೊಳ್ಳುವವನು ತನಗೆ ಗೊತ್ತಿರುವುದನ್ನೇ ಮತ್ತೆ ಮತ್ತೆ ಆರಿಸಿಕೊಳ್ಳುತ್ತಾನೆ. ಫಿನ್ಲೆಂಡಿನ ಹಾಡನ್ನು ಕೇಳಬೇಕೆಂಬ ಬಯಕೆ, ಅಂತಹ ಹಾಡೊಂದಿದೆ ಎಂದೇ ತಿಳಿಯದವನಿಗೆ ಹುಟ್ಟುವುದೆಂತು? ಅಂಗಡಿಗಳಲ್ಲಿ ನವೆಂಬರ್ ತಿಂಗಳಿನಿಂದಲೇ ಹತ್ತಿಪ್ಪತ್ತು ಜನಪ್ರಿಯ ಹಾಡುಗಳು ಬಿಡುವಿಲ್ಲದೆ ಮೊಳಗುತ್ತಿರುತ್ತವೆ. ಅವು ಕಿವಿಗೆ ಬೀಳುತ್ತವೆಯೇ ಹೊರತು ಅವುಗಳನ್ನು ಯಾರೂ ಕೇಳುವುದಿಲ್ಲ. ಬಾನುಲಿಯ ಕಛೇರಿಗೆ ಒಂದು ಆರಂಭವಿದೆ, ಒಂದು ಮುಕ್ತಾಯವಿದೆ. ವರ್ಷಕ್ಕೊಮ್ಮೆ ಮಾತ್ರ ಬರುವುದರಿಂದ ಒಂದು ಘನತೆಯಿದೆ. ಅಲ್ಲದೆ, ಇದೇ ಕ್ಷಣದಲ್ಲಿ ಮುಖ ನೋಡದ ಸಾವಿರಾರು ಜನರು ಇದನ್ನೇ ಕೇಳುತ್ತಿದ್ದಾರೆಂಬ ಭಾವನೆಯು ಒಂಟಿಯಾದವನ ಒಂಟಿತನವನ್ನು ಕಡಮೆ ಮಾಡುತ್ತದೆ. ಸಾಧನ ಬದಲಾಗುವುದರಿಂದ ಇದಕ್ಕೆ ಭಂಗವಿಲ್ಲ. ನಾರ್ವೆ ದೇಶವು 2017ರಲ್ಲಿ ತನ್ನ ರಾಷ್ಟ್ರೀಯ ಎಫ್.ಎಂ. ಪ್ರಸಾರವನ್ನು ನಿಲ್ಲಿಸಿ ಡಿಜಿಟಲ್ ಬಾನುಲಿಗೆ ಬದಲಾಯಿಸಿಕೊಂಡಿತು. ಹಾಡು ಅಲ್ಲಿಯೂ ಮುಂದುವರಿದಿದೆ. ಪೆಟ್ಟಿಗೆ ಯಾವುದಾದರೇನು, ಕೂಡಿ ಕೇಳುವ ಗಂಟೆ ಉಳಿದರೆ ಸಾಕು.

ಆ ಗಂಟೆಯು ತಾನಾಗಿಯೇ ಉಳಿಯುವುದೆಂದು ಭಾವಿಸಲಾಗದು. ಗಾಯಕವೃಂದಗಳನ್ನು ಸಾಕುವುದು ವೆಚ್ಚದ ಕೆಲಸ. ಹಣದ ಕೊರತೆ ಬಂದಾಗ ಮೊದಲು ಕತ್ತರಿ ಬೀಳುವುದು ಸಂಗೀತಕ್ಕೆ. 2013ರಲ್ಲಿ ಗ್ರೀಸ್ ದೇಶದ ಸರ್ಕಾರವು ತನ್ನ ರಾಷ್ಟ್ರೀಯ ಪ್ರಸಾರ ಸಂಸ್ಥೆಯನ್ನು ಇದ್ದಕ್ಕಿದ್ದಂತೆ ಮುಚ್ಚಿತು. ಅದು ಮತ್ತೆ ಬಾಗಿಲು ತೆರೆದುದು ಎರಡು ವರ್ಷಗಳ ಅನಂತರ. 1924ರಿಂದ ಹಾಡುತ್ತ ಬಂದಿದ್ದ ತನ್ನ ವೃತ್ತಿಪರ ಗಾಯಕವೃಂದವನ್ನು ವಿಸರ್ಜಿಸುವುದಾಗಿ ಬಿ.ಬಿ.ಸಿ.ಯು 2023ರ ಮಾರ್ಚ್ ತಿಂಗಳಿನಲ್ಲಿ ಪ್ರಕಟಿಸಿತು. ಸಂಗೀತಗಾರರೂ ಕೇಳುಗರೂ ಒಕ್ಕೊರಲಿನಿಂದ ಪ್ರತಿಭಟಿಸಿದುದರಿಂದ ಕೆಲವೇ ದಿನಗಳಲ್ಲಿ ಆ ನಿರ್ಧಾರವನ್ನು ತಡೆಹಿಡಿಯಬೇಕಾಯಿತು, ವೃಂದವು ಉಳಿದುಕೊಂಡಿತು. ಕೇಳುಗರು ದನಿಯೆತ್ತಿದರೆ ಹಾಡು ಉಳಿಯುತ್ತದೆ. ಅವರು ಉದಾಸೀನರಾದರೆ ಶತಮಾನಗಳ ಸಂಪತ್ತು ಒಂದು ಸಹಿಯಿಂದ ಇಲ್ಲವಾಗುತ್ತದೆ.

ಕೇಳುವುದೂ ಒಂದು ಕಲೆ. ಅದಕ್ಕೂ ಶ್ರದ್ಧೆ ಬೇಕು, ಸಂಯಮ ಬೇಕು. ಮಾತನ್ನು ಬದಿಗಿಟ್ಟು, ಕೈಯ ಕೆಲಸವನ್ನು ನಿಲ್ಲಿಸಿ, ಅರ್ಥವಾಗದ ಭಾಷೆಯ ಹಾಡಿಗೂ ಕಿವಿಗೊಡುವವನು ಹೊಸದೊಂದು ಸತ್ಯವನ್ನು ಅರಿಯುತ್ತಾನೆ. ಪದ ತಿಳಿಯದಿದ್ದರೂ ಜೋಗುಳ ಜೋಗುಳವೆಂದು ತಿಳಿಯುತ್ತದೆ. ಹರ್ಷ ಹರ್ಷವೆಂದು ತಿಳಿಯುತ್ತದೆ. ಶಾಲೆಯ ಉಪಾಧ್ಯಾಯರು ಕಟ್ಟಿದ, ಶಾಲೆಯ ಮಕ್ಕಳು ಹಾಡಿದ, ಬಡ ಗಾಯಕರು ಹೊತ್ತು ನಡೆದ ಈ ಹಾಡುಗಳು ಸೈನ್ಯಗಳು ದಾಟಲಾರದ ಗಡಿಗಳನ್ನು ಸದ್ದಿಲ್ಲದೆ ದಾಟಿದವು. ದೇಶಗಳು ನೆಲದ ಮೇಲೆ ಗೆರೆ ಎಳೆಯಬಲ್ಲವು; ಗಾಳಿಯ ಮೇಲೆ ಎಳೆಯಲಾರವು. ಆ ಗಾಳಿಯಲ್ಲಿ ದ್ವೇಷದ ಕೂಗು ತುಂಬಬೇಕೋ ನೆರೆಯವನ ಹಾಡು ತುಂಬಬೇಕೋ ಎಂಬುದನ್ನು ನಿರ್ಧರಿಸಬೇಕಾದವರು ಮನುಷ್ಯರೇ.